ಬೆಕ್ಕಿನ ಕಾಟಕ್ಕೆ ಗೋಣಿಚೀಲ ಪರಿಹಾರ ಅಲ್ಲ, ಇಡೀ ಬೀದಿಯ ಬೆಕ್ಕುಗಳಿಗೆ ಆಪರೇಷನ್ ಆಗಲಿ

ಸಂಪಾದಕರಿಗೆ ನಮಸ್ಕಾರ.

ಬೀದಿ ಬೆಕ್ಕುಗಳ ಕಾಟದ ಮಾತು ಬಂದಾಗಲೆಲ್ಲ ಜನ ಎರಡು ಗುಂಪಾಗಿಬಿಡುತ್ತಾರೆ. ಒಂದು ಗುಂಪು ಹಿಡಿದು ಎಲ್ಲಾದರೂ ದೂರ ಬಿಟ್ಟು ಬನ್ನಿ ಅನ್ನುತ್ತದೆ. ಇನ್ನೊಂದು ಗುಂಪು ಪಾಪ, ಮೂಕಪ್ರಾಣಿ, ಒಂದಿಷ್ಟು ಊಟ ಹಾಕಿ ಅನ್ನುತ್ತದೆ. ದೂರ ಬಿಟ್ಟು ಬಂದರೂ ಬೀದಿಯಲ್ಲಿ ಬೆಕ್ಕು ಕಮ್ಮಿ ಆಗುವುದಿಲ್ಲ, ಬರೀ ಊಟ ಹಾಕಿದರೂ ಕಮ್ಮಿ ಆಗುವುದಿಲ್ಲ. ಕಮ್ಮಿ ಆಗುವ ದಾರಿ ಒಂದೇ. ಬೀದಿಯ ಎಲ್ಲ ಬೆಕ್ಕುಗಳಿಗೂ, ಒಂದನ್ನೂ ಬಿಡದೆ, ಆದಷ್ಟು ಒಟ್ಟಿಗೇ ಸಂತಾನಹರಣದ ಆಪರೇಷನ್ ಮಾಡಿಸಬೇಕು. ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಪತ್ರ ಉದ್ದ ಆದರೆ ದಯವಿಟ್ಟು ಜಾಗ ಮಾಡಿಕೊಡಿ.

ಮೊದಲಿಗೆ, ಕಾಟ ಇರುವುದು ನಿಜ. ಬೆಕ್ಕು ಇಷ್ಟ ಇಲ್ಲದವರ ದೂರನ್ನು ಕಲ್ಲುಮನಸ್ಸು ಅಂತ ತಳ್ಳಿಹಾಕುವುದು ನನಗೆ ಸರಿ ಕಾಣುವುದಿಲ್ಲ. ರಾತ್ರಿ ಎರಡು ಗಂಟೆಗೆ ಕಿಟಕಿ ಕೆಳಗೆ ಎರಡು ಗಂಡು ಬೆಕ್ಕುಗಳು ಕಿರುಚಾಡಿಕೊಂಡು ಜಗಳ ಆಡಿದರೆ, ಬೆಳಿಗ್ಗೆ ಕೆಲಸಕ್ಕೆ ಹೋಗುವವರಿಗೆ ನಿದ್ದೆ ಎಲ್ಲಿ ಬರಬೇಕು? ಬಾಗಿಲಿಗೆ, ಗೋಡೆಗೆ, ಚಪ್ಪಲಿ ಸ್ಟ್ಯಾಂಡಿಗೆ ಉಚ್ಚೆ ಹಾರಿಸಿ ಹೋಗುತ್ತವೆ, ಆ ವಾಸನೆ ಎಷ್ಟು ತೊಳೆದರೂ ಹೋಗುವುದಿಲ್ಲ. ಸ್ಕೂಟರ್ ಸೀಟು ಪರಚಿ ಹಾಳು ಮಾಡುತ್ತವೆ. ಮೊನ್ನೆ ತಾನೇ ಬೀಜ ಹಾಕಿದ ಮಡಿಯನ್ನು ಕೆದಕಿ ಅಲ್ಲೇ ಗಲೀಜು ಮಾಡುತ್ತವೆ. ಕಸದ ಚೀಲ ಹರಿದು ಬೀದಿ ತುಂಬ ಎಳೆದಾಡುತ್ತವೆ. ಸಜ್ಜದ ಮೇಲೆ, ನೀರಿನ ಟ್ಯಾಂಕಿನ ಕೆಳಗೆ ಮರಿ ಹಾಕುತ್ತವೆ, ಅದರಲ್ಲಿ ಅರ್ಧ ಮರಿಗಳು ಕಣ್ಣೆದುರೇ ಸಾಯುತ್ತವೆ. ಇದನ್ನೆಲ್ಲ ಸಹಿಸಿಕೊಳ್ಳಿ ಅಂತ ಯಾರಿಗೂ ಹೇಳುವ ಹಕ್ಕು ನಮಗಿಲ್ಲ.

ಆದರೆ ಈ ಕಾಟದಲ್ಲಿ ಜಾಸ್ತಿ ಪಾಲು ಎಲ್ಲಿಂದ ಬರುತ್ತದೆ ಅಂತ ಒಮ್ಮೆ ನೋಡಿ. ರಾತ್ರಿ ಕೂಗು ಬೆದೆಗೆ ಬಂದ ಹೆಣ್ಣಿನದು ಮತ್ತು ಅದರ ಹಿಂದೆ ಬಿದ್ದ ಗಂಡುಗಳದು. ಜಗಳ ಹೆಣ್ಣಿಗಾಗಿ ಮತ್ತು ಜಾಗಕ್ಕಾಗಿ. ಗೋಡೆಗೆ ಉಚ್ಚೆ ಹಾರಿಸುವುದು ಇದು ನನ್ನ ಜಾಗ ಅಂತ ಗುರುತು ಹಾಕಲಿಕ್ಕೆ. ಆಪರೇಷನ್ ಆಗದ ಗಂಡು ಬೆಕ್ಕಿನ ಉಚ್ಚೆ ಅಷ್ಟು ಘಾಟು ಇರುವುದಕ್ಕೂ ಕಾರಣ ಇದೆ, ಅದರ ದೇಹದಲ್ಲಿ ಫೆಲಿನೈನ್ ಅನ್ನುವ ಒಂದು ಅಮೈನೋ ಆಮ್ಲ ತಯಾರಾಗುತ್ತದೆ, ಅದು ಹೊರಗೆ ಬಂದು ಒಡೆದಾಗ ಗಂಧಕ ಇರುವ ಕೆಟ್ಟ ವಾಸನೆಯ ರಾಸಾಯನಿಕ ಆಗುತ್ತದೆ. ಇದು ಗಂಡು ಹಾರ್ಮೋನಿನ ಜತೆ ಏರುತ್ತದೆ, ಅದು ಇಳಿದರೆ ಇದೂ ಇಳಿಯುತ್ತದೆ. ಆಪರೇಷನ್ ಆದ ಗಂಡು ಬೆಕ್ಕುಗಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಈ ಉಚ್ಚೆ ಹಾರಿಸುವ ಅಭ್ಯಾಸವನ್ನು ಬಿಡುತ್ತವೆ ಅಥವಾ ತುಂಬ ಕಡಿಮೆ ಮಾಡುತ್ತವೆ. ಮರುದಿನವೇ ಅಲ್ಲ, ಅಭ್ಯಾಸ ಬಿಡಲು ಕೆಲವು ವಾರ ಬೇಕಾಗಬಹುದು. ಅಷ್ಟರಲ್ಲೇ ಆಪರೇಷನ್ ಮಾಡಿಸಿ ಏನೂ ಆಗಲಿಲ್ಲ ಅಂತ ಬೇಸರ ಮಾಡಿಕೊಳ್ಳಬಾರದು.

ಇನ್ನು ಸಂಖ್ಯೆ. ಹೆಣ್ಣು ಬೆಕ್ಕು ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಹುದು. ನಮ್ಮ ಕಣ್ಣಿಗೆ ಅದಿನ್ನೂ ಮರಿ, ಆಗಲೇ ಗರ್ಭ ಕಟ್ಟಿರುತ್ತದೆ. ಗರ್ಭ ಸುಮಾರು 63ರಿಂದ 65 ದಿನ. ಒಂದು ಸೂಲಿಗೆ ಸಾಮಾನ್ಯವಾಗಿ ನಾಲ್ಕು ಮರಿ. ಮರಿಗಳು ಇನ್ನೂ ಹಾಲು ಕುಡಿಯುತ್ತಿರುವಾಗಲೇ ತಾಯಿ ಮತ್ತೆ ಬೆದೆಗೆ ಬರುವುದುಂಟು. ಗಂಡು ಹೆಣ್ಣು ಕೂಡಿದ ಮೇಲೇ ಹೆಣ್ಣಿನಲ್ಲಿ ಅಂಡ ಬಿಡುಗಡೆ ಆಗುವುದರಿಂದ ಗರ್ಭ ಕಟ್ಟದೆ ಹೋಗುವುದು ಅಪರೂಪ, ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ಅಪ್ಪಂದಿರೂ ಇರಬಹುದು. ಹತ್ತು ಬೆಕ್ಕಿರುವ ಬೀದಿಯಲ್ಲಿ ಎಂಟು ಗಂಡುಗಳಿಗೆ ಆಪರೇಷನ್ ಮಾಡಿಸಿ ಒಂದು ಗಂಡು, ಒಂದು ಹೆಣ್ಣು ಬಿಟ್ಟರೆ ಏನಾಗುತ್ತದೆ ಅಂತ ನೀವೇ ಲೆಕ್ಕ ಹಾಕಿ. ಒಂದು ಗಂಡು ಎಷ್ಟು ಹೆಣ್ಣುಗಳಿಗೂ ಸಾಕು. ಅದಕ್ಕೇ ಹೆಣ್ಣು ಬೆಕ್ಕುಗಳನ್ನು ಮೊದಲು ಹಿಡಿಯಬೇಕು, ಮತ್ತು ಒಂದೂ ತಪ್ಪಬಾರದು.

ಹಾಗಾದರೆ ಹಿಡಿದು ದೂರ ಬಿಟ್ಟರೆ ಏನು ತಪ್ಪು? ಈ ಪ್ರಶ್ನೆಗೆ ಸರಿಯಾದ ಉತ್ತರ ಕೊಡದೆ ಬರೀ ದಯೆಯ ಮಾತಾಡಿದರೆ ಯಾರೂ ಒಪ್ಪುವುದಿಲ್ಲ. ಒಂದು ಬೀದಿಯಲ್ಲಿ ಇಷ್ಟು ಬೆಕ್ಕು ಇದೆ ಅಂದರೆ ಅಷ್ಟು ಬೆಕ್ಕಿಗೆ ಆಗುವಷ್ಟು ಕಸ, ಇಲಿ, ಊಟ, ಅಡಗಲು ಜಾಗ ಅಲ್ಲಿದೆ ಅಂತ ಅರ್ಥ. ಇರುವ ಬೆಕ್ಕನ್ನು ತೆಗೆದರೆ ಊಟವೂ ಜಾಗವೂ ಹಾಗೇ ಉಳಿಯುತ್ತದೆ. ಪಕ್ಕದ ಬೀದಿಯ ಬೆಕ್ಕು ಬರುತ್ತದೆ. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ವಿಜ್ಞಾನಿಗಳು ಇದನ್ನು ಕಾಡಿನಲ್ಲೇ ಪರೀಕ್ಷಿಸಿದರು. ಎರಡು ಕಡೆ ಬೆಕ್ಕುಗಳನ್ನು ಹಿಡಿದು ಕೊಲ್ಲುತ್ತಾ ಹೋದರು, ಜತೆಗೆ ಕ್ಯಾಮೆರಾ ಇಟ್ಟು ಎಣಿಸಿದರು. ಕೊಲ್ಲುತ್ತಿದ್ದ ಅವಧಿಯಲ್ಲೇ ಅಲ್ಲಿ ಕಾಣಿಸಿಕೊಂಡ ಬೆಕ್ಕುಗಳ ಸಂಖ್ಯೆ ಒಂದು ಕಡೆ 75%, ಇನ್ನೊಂದು ಕಡೆ 211% ಜಾಸ್ತಿ ಆಗಿತ್ತು. ಅಲ್ಲಿದ್ದ ಬಲವಾದ ಬೆಕ್ಕು ಹೋದ ಮೇಲೆ ಸುತ್ತಲಿನ ಬೆಕ್ಕುಗಳು ಒಳಗೆ ನುಗ್ಗಿರಬೇಕು ಅಂತ ಅವರು ಹೇಳಿದರು.

ಪೂರ್ತಿ ಇಲ್ಲವಾಗಿಸಿದ ಉದಾಹರಣೆಯೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಹಿಂದೂ ಮಹಾಸಾಗರದ ದಕ್ಷಿಣ ತುದಿಯಲ್ಲಿ ಮೇರಿಯನ್ ಅನ್ನುವ ದ್ವೀಪ ಇದೆ, ದಕ್ಷಿಣ ಆಫ್ರಿಕಾಕ್ಕೆ ಸೇರಿದ್ದು. ಅಲ್ಲಿನ ಹವಾಮಾನ ಕೇಂದ್ರದಲ್ಲಿ ಇಲಿ ಹಿಡಿಯಲಿ ಅಂತ 1940ರ ದಶಕದ ಕೊನೆಯಲ್ಲಿ ಐದೇ ಐದು ಬೆಕ್ಕು ತಂದರು. 1977ರ ಹೊತ್ತಿಗೆ ಅವು ಸುಮಾರು 3,400 ಆಗಿದ್ದವು. ವರ್ಷಕ್ಕೆ ನಾಲ್ಕು ಲಕ್ಷಕ್ಕಿಂತ ಜಾಸ್ತಿ ಕಡಲ ಹಕ್ಕಿಗಳನ್ನು ತಿನ್ನುತ್ತಿದ್ದವು. ಅವನ್ನು ತೆಗೆಯಲು ಮೊದಲು ಬೆಕ್ಕಿಗೆ ಬರುವ ಒಂದು ವೈರಸ್ ರೋಗ ಹರಡಿಸಿದರು, ಆಮೇಲೆ ರಾತ್ರಿ ದೀಪ ಹಿಡಿದು ಬಂದೂಕಿನಿಂದ ಹೊಡೆದರು, ಬೋನು ಇಟ್ಟರು, ವಿಷ ಹಾಕಿದರು. ಕೊನೆಗೆ 1991ರಲ್ಲಿ ಮುಗಿಯಿತು. ಸುತ್ತ ಸಮುದ್ರ, ಹೊರಗಿನಿಂದ ಒಂದೂ ಬೆಕ್ಕು ಬರುವ ಹಾಗಿಲ್ಲ, ಜನವಸತಿ ಇಲ್ಲ, ಹಾಗಿದ್ದೂ ಹದಿನಾಲ್ಕು ವರ್ಷ ಹಿಡಿಯಿತು. ನಾಲ್ಕೂ ಕಡೆ ತೆರೆದಿರುವ, ಮಕ್ಕಳು ಆಡುವ, ಸಾಕಿದ ಬೆಕ್ಕೂ ಓಡಾಡುವ ನಮ್ಮ ಬೀದಿಗಳಲ್ಲಿ ಇದು ಆಗುವ ಮಾತೇ ಅಲ್ಲ.

ದೂರ ಬಿಟ್ಟು ಬರುವುದಂತೂ ನನಗೆ ತೀರಾ ನೋವು ಕೊಡುವ ವಿಷಯ. ಗೋಣಿಚೀಲದಲ್ಲಿ ತುಂಬಿ ಬೈಕಿನಲ್ಲಿ ಒಯ್ದು ಗೊತ್ತಿಲ್ಲದ ಕಡೆ ಸುರಿದು ಬರುತ್ತಾರೆ. ಆ ಬೆಕ್ಕಿಗೆ ಅಲ್ಲಿ ನೀರು ಎಲ್ಲಿದೆ ಗೊತ್ತಿಲ್ಲ, ಅಡಗಲು ಜಾಗ ಗೊತ್ತಿಲ್ಲ, ಅಲ್ಲಿನ ಬೆಕ್ಕುಗಳು ಹೊಡೆದು ಓಡಿಸುತ್ತವೆ. ಎಷ್ಟೋ ಬೆಕ್ಕುಗಳು ವಾಪಸ್ ಬರಲು ಹೊರಟು ರಸ್ತೆ ಮೇಲೆ ಸಾಯುತ್ತವೆ. ತಾಯಿಯನ್ನು ಮಾತ್ರ ಒಯ್ದಿದ್ದರೆ ಮರಿಗಳು ಸಜ್ಜದ ಮೇಲೆ ಹಸಿದು ಸಾಯುತ್ತವೆ, ಮೂರು ದಿನ ಆದ ಮೇಲೆ ವಾಸನೆ ಬಂದಾಗ ಗೊತ್ತಾಗುತ್ತದೆ. ಬದುಕಿ ಉಳಿದರೂ ನಮ್ಮ ಬೀದಿಯ ತೊಂದರೆಯನ್ನು ಇನ್ನೊಬ್ಬರ ಬೀದಿಗೆ ಸಾಗಿಸಿದ್ದು ಅಷ್ಟೇ, ಅಲ್ವಾ? ಅವರೂ ಅದೇ ರೀತಿ ಒಂದು ಚೀಲ ನಮ್ಮ ಕಡೆ ಸುರಿದು ಹೋಗುತ್ತಾರೆ.

ಆಪರೇಷನ್ ಮಾಡಿಸಿ ಅದೇ ಜಾಗಕ್ಕೆ ವಾಪಸ್ ಬಿಟ್ಟರೆ ನಿಜಕ್ಕೂ ಕಮ್ಮಿ ಆಗುತ್ತದಾ ಅಂತ ಕೇಳುವವರಿಗೆ ಮೂರು ಊರಿನ ಕಥೆ ಹೇಳುತ್ತೇನೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ನ್ಯೂಬರಿಪೋರ್ಟ್ ಅಂತ ನದಿ ದಂಡೆಯ ಊರು. 1992ರಲ್ಲಿ ಅಲ್ಲಿನ ದಂಡೆಯ ಮೇಲೆ ಸುಮಾರು 300 ಬೆಕ್ಕು ಇದ್ದವು, ಹೋಟೆಲಿನವರು, ವ್ಯಾಪಾರದವರು ರೋಸಿಹೋಗಿದ್ದರು. ಊರಿನವರು ಸೇರಿ ಬೆಕ್ಕುಗಳನ್ನು ಹಿಡಿದು, ಆಪರೇಷನ್ ಮಾಡಿಸಿ, ಪಳಗುವ ಬೆಕ್ಕುಗಳನ್ನು ಮನೆಗಳಿಗೆ ಕೊಟ್ಟು, ಉಳಿದವನ್ನು ಅಲ್ಲೇ ಬಿಟ್ಟು ಹೊತ್ತಿಗೆ ಸರಿಯಾಗಿ ಊಟ ಹಾಕಿ ನೋಡಿಕೊಂಡರು. 2009ರಲ್ಲಿ ಕೊನೆಯ ಬೆಕ್ಕು ವಯಸ್ಸಾಗಿ ಸತ್ತಿತು. ಹಿಡಿದು ಕೊಲ್ಲುವ ದಾರಿಗೆ ಹೋಗದೆ ಮುನ್ನೂರು ಸೊನ್ನೆ ಆಯಿತು. ಎರಡನೆಯದು ಫ್ಲಾರಿಡಾದ ಒಂದು ವಿಶ್ವವಿದ್ಯಾಲಯದ ಆವರಣ. 1991ರಲ್ಲಿ ಕೆಲಸ ಶುರು ಮಾಡಿದರು. 1996ರಲ್ಲಿ ಎಣಿಸಿದಾಗ 68 ಬೆಕ್ಕು ಇದ್ದವು, 2002ಕ್ಕೆ 23 ಆದವು, ಆಮೇಲೂ ಇಳಿಯುತ್ತಲೇ ಹೋಯಿತು. ಆ ಹನ್ನೊಂದು ವರ್ಷಗಳಲ್ಲಿ ಒಟ್ಟು 155 ಬೆಕ್ಕುಗಳ ಲೆಕ್ಕ ಇಟ್ಟಿದ್ದರು, ಅದರಲ್ಲಿ ಹೆಚ್ಚುಕಮ್ಮಿ ಅರ್ಧಕ್ಕೆ ಮನೆ ಸಿಕ್ಕಿತು.

ಮೂರನೆಯದು ರೋಮ್. ಅದನ್ನು ಬೇಕೆಂದೇ ಹೇಳುತ್ತಿದ್ದೇನೆ, ಯಾಕೆಂದರೆ ಅಲ್ಲಿ ಇಷ್ಟು ಚೆನ್ನಾಗಿ ಆಗಲಿಲ್ಲ. ಇಟಲಿಯಲ್ಲಿ 1991ರಿಂದ ಬೀದಿ ಬೆಕ್ಕುಗಳನ್ನು ಕೊಲ್ಲುವ ಹಾಗಿಲ್ಲ, ಆಪರೇಷನ್ ಮಾಡಿಸಿ ಅದೇ ಗುಂಪಿಗೆ ವಾಪಸ್ ಬಿಡಬೇಕು ಅಂತ ಕಾನೂನು ಇದೆ. ರೋಮಿನಲ್ಲಿ ಹತ್ತು ವರ್ಷಗಳಲ್ಲಿ ಸಾವಿರಾರು ಬೆಕ್ಕುಗಳಿಗೆ ಆಪರೇಷನ್ ಆಯಿತು. ಸಂಖ್ಯೆ ಇಳಿಯಿತು, ಆದರೆ ನಿರೀಕ್ಷೆಯಷ್ಟು ಇಳಿಯಲಿಲ್ಲ. ಕಾರಣ, ಆ ಗುಂಪುಗಳಿಗೆ ಹೊಸ ಬೆಕ್ಕುಗಳು ಬಂದು ಸೇರುತ್ತಲೇ ಇದ್ದವು, ಐದರಲ್ಲಿ ಸುಮಾರು ಒಂದು ಹಾಗೆ ಬಂದದ್ದು. ಕೆಲವು ತಾವಾಗಿ ಬಂದವು, ಕೆಲವನ್ನು ಸಾಕಿದವರು ಬೇಡವಾದಾಗ ತಂದು ಬಿಟ್ಟರು. ಅಲ್ಲಿ ಊಟ ಹಾಕುವವರು ಇದ್ದಾರೆ, ಬಿಟ್ಟುಬಿಡೋಣ, ಬದುಕಿಕೊಳ್ಳುತ್ತದೆ ಅಂದುಕೊಂಡು ಬಿಡುವವರು ಎಲ್ಲ ಊರಲ್ಲೂ ಇದ್ದಾರೆ. ಸಾಕಿದ ಬೆಕ್ಕನ್ನು ಬೀದಿಗೆ ಬಿಡುವುದು ನಿಲ್ಲದಿದ್ದರೆ ಈ ಕೆಲಸಕ್ಕೆ ಹಾಕಿದ ದುಡ್ಡು, ಸಮಯ, ಶ್ರಮ ಎಲ್ಲ ವ್ಯರ್ಥ ಅಂತ ರೋಮಿನಲ್ಲಿ ಅಧ್ಯಯನ ಮಾಡಿದವರೇ ಬರೆದಿದ್ದಾರೆ. ಈ ಮಾತು ಕೆಲಸಕ್ಕೆ ಇಳಿಯುವವರಿಗೆಲ್ಲ ಮೊದಲೇ ಗೊತ್ತಿರಬೇಕು.

ಇನ್ನು ಹೇಗೆ ಮಾಡುವುದು ಅಂತ. ಬಹಳ ಕಡೆ ಇದು ಕೆಡುವುದು ಇಲ್ಲೇ. ಯಾರೋ ಒಬ್ಬರು ಉತ್ಸಾಹದಿಂದ ಸಿಕ್ಕ ಎರಡು ಬೆಕ್ಕಿಗೆ ಆಪರೇಷನ್ ಮಾಡಿಸುತ್ತಾರೆ, ಮುಂದಿನ ವರ್ಷ ಇನ್ನೆರಡಕ್ಕೆ. ಅಷ್ಟರಲ್ಲಿ ಉಳಿದವು ಹತ್ತು ಮರಿ ಹಾಕಿರುತ್ತವೆ. ಇದರಿಂದ ಆ ನಾಲ್ಕು ಬೆಕ್ಕುಗಳಿಗೆ ಒಳ್ಳೆಯದಾಗುತ್ತದೆ, ಬೀದಿಗೆ ಏನೂ ಆಗುವುದಿಲ್ಲ. ನೂರಕ್ಕೆ ಎಪ್ಪತ್ತು ಎಪ್ಪತ್ತೈದಕ್ಕಿಂತ ಜಾಸ್ತಿ ಬೆಕ್ಕುಗಳಿಗೆ ಆಪರೇಷನ್ ಆಗಿ, ಆ ಮಟ್ಟ ಹಾಗೇ ಉಳಿದರೆ ಮಾತ್ರ ಸಂಖ್ಯೆ ಇಳಿಯಲು ಶುರು. ಅದಕ್ಕೆ ಮೊದಲು ಎಣಿಸಬೇಕು. ಬೆಳಿಗ್ಗೆ, ಸಂಜೆ, ರಾತ್ರಿ ಬೇರೆ ಬೇರೆ ಹೊತ್ತಿನಲ್ಲಿ ನೋಡಿ, ಮೊಬೈಲಿನಲ್ಲಿ ಫೋಟೊ ತೆಗೆದು, ಬಣ್ಣ, ಮಚ್ಚೆ, ಬಾಲ ನೋಡಿ ಗುರುತು ಇಟ್ಟುಕೊಳ್ಳಿ. ಯಾವುದು ಗಂಡು, ಯಾವುದು ಹೆಣ್ಣು, ಯಾವುದು ಗಬ್ಬ, ಯಾವುದಕ್ಕೆ ಮನೆ ಇದೆ ಅಂತ ವಿಚಾರಿಸಿ. ಒಂದೇ ಬೆಕ್ಕಿಗೆ ನಾಲ್ಕು ಮನೆಯಲ್ಲಿ ನಾಲ್ಕು ಹೆಸರು ಇರುತ್ತದೆ, ಅದನ್ನು ನಾಲ್ಕು ಬೆಕ್ಕು ಅಂತ ಎಣಿಸಬಾರದು. ಎಲ್ಲ ಮನೆಗಳಿಗೂ ಮುಂಚೆಯೇ ಹೇಳಿ. ಹೇಳದೆ ಬೋನು ಇಟ್ಟರೆ ಯಾರದೋ ಸಾಕುಬೆಕ್ಕು ಬಿದ್ದು ದೊಡ್ಡ ಜಗಳ ಆಗುತ್ತದೆ.

ಬೆಕ್ಕು ಹಿಡಿಯುವುದಕ್ಕೆ ಕೈ ಹಾಕಲೇಬೇಡಿ. ಹೆದರಿದ ಬೆಕ್ಕಿನ ಹಲ್ಲು ಆಳಕ್ಕೆ ಇಳಿಯುತ್ತದೆ, ಗಾಯ ಮೇಲೆ ಚಿಕ್ಕದಾಗಿ ಕಂಡರೂ ಒಳಗೆ ಬೇಗ ಕೀವಾಗುತ್ತದೆ. ತಂತಿಯ ಬೋನು ಬೇಕು, ಒಳಗೆ ಕಾಲಿಟ್ಟಾಗ ಬಾಗಿಲು ಬೀಳುವಂಥದ್ದು. ಅದಕ್ಕೂ ಮೊದಲು ಕೆಲವು ದಿನ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಊಟ ಹಾಕುವ ಅಭ್ಯಾಸ ಮಾಡಿಸಿ. ಎಷ್ಟು ಜನ ಊಟ ಹಾಕುತ್ತಾರೋ ಎಲ್ಲರೂ ಒಪ್ಪಬೇಕು, ಯಾಕೆಂದರೆ ಬೋನು ಇಡುವ ಹಿಂದಿನ ದಿನ ಎಲ್ಲರೂ ಊಟ ನಿಲ್ಲಿಸಬೇಕಾಗುತ್ತದೆ. ಒಬ್ಬರು ಪಾಪ ಅಂತ ಹಿಂದಿನ ಬಾಗಿಲಲ್ಲಿ ಹಾಕಿಬಿಟ್ಟರೆ ಹೊಟ್ಟೆ ತುಂಬಿದ ಬೆಕ್ಕು ಬೋನಿನ ಹತ್ತಿರವೂ ಸುಳಿಯುವುದಿಲ್ಲ. ಅರಿವಳಿಕೆ ಕೊಡಲು ಹೊಟ್ಟೆ ಖಾಲಿ ಇರಬೇಕು ಅನ್ನುವುದೂ ಇದೆ, ಎಷ್ಟು ಹೊತ್ತು ಅಂತ ಪಶುವೈದ್ಯರನ್ನೇ ಕೇಳಿ, ಚಿಕ್ಕ ಮರಿಗಳನ್ನು ಅಷ್ಟು ಹೊತ್ತು ಉಪವಾಸ ಇಡಬಾರದು. ಬೋನು ಇಟ್ಟು ಮನೆಗೆ ಹೋಗಿ ಮಲಗಬೇಡಿ, ದೂರದಿಂದ ನೋಡುತ್ತಿರಿ. ಬೆಕ್ಕು ಬಿದ್ದ ತಕ್ಷಣ ಪೂರ್ತಿ ಮುಚ್ಚುವ ಹಾಗೆ ಒಂದು ಹಳೆಯ ಬೆಡ್‌ಶೀಟ್ ಹೊದಿಸಿ. ಕತ್ತಲಾದರೆ ಅದು ಒದ್ದಾಡುವುದನ್ನು ನಿಲ್ಲಿಸುತ್ತದೆ. ಇದೊಂದು ಚಿಕ್ಕ ವಿಷಯ, ಆದರೆ ಬೆಕ್ಕು ತಂತಿಗೆ ಮೂತಿ ಗುದ್ದಿಕೊಂಡು ಗಾಯ ಮಾಡಿಕೊಳ್ಳುವುದು ಇದರಿಂದಲೇ ತಪ್ಪುವುದು. ಬೋನನ್ನು ಬಿಸಿಲಲ್ಲಿ ಒಂದು ನಿಮಿಷವೂ ಬಿಡಬಾರದು.

ಎಲ್ಲಕ್ಕಿಂತ ಮೊದಲು ಪಶುವೈದ್ಯರ ಜತೆ ಮಾತಾಡಿ ದಿನ ನಿಗದಿ ಆಗಿರಬೇಕು. ಬೆಕ್ಕು ಹಿಡಿದು ಆಮೇಲೆ ಆಸ್ಪತ್ರೆ ಹುಡುಕುವುದು ಆ ಜೀವಕ್ಕೆ ಹಿಂಸೆ. ಆಪರೇಷನ್ ಜತೆಯಲ್ಲೇ ರೇಬಿಸ್ ಲಸಿಕೆ ಹಾಕಿಸಿ, ಮತ್ತೆ ಆ ಬೆಕ್ಕು ಕೈಗೆ ಸಿಗುತ್ತದೆ ಅಂತ ಏನೂ ಇಲ್ಲ. ಕಿವಿ ತುದಿ ಕತ್ತರಿಸಿ ಗುರುತು ಮಾಡುವಂತೆ ಕೇಳಿ. ಅರಿವಳಿಕೆಯಲ್ಲಿ ಇದ್ದಾಗಲೇ ಒಂದು ಕಿವಿಯ ತುದಿಯನ್ನು ನೇರವಾಗಿ ಸುಮಾರು ಒಂದು ಸೆಂಟಿಮೀಟರ್‌ನಷ್ಟು ತೆಗೆಯುತ್ತಾರೆ. ಕೇಳಲು ಕ್ರೂರ ಅನ್ನಿಸುತ್ತದೆ. ಆದರೆ ದೂರದಿಂದಲೇ ಇದಕ್ಕೆ ಆಗಿದೆ ಅಂತ ಗೊತ್ತಾಗುತ್ತದೆ, ಮತ್ತೆ ಹಿಡಿದು ಮತ್ತೆ ಹೊಟ್ಟೆ ಕೊಯ್ಯುವುದು ತಪ್ಪುತ್ತದೆ. ಕುತ್ತಿಗೆಗೆ ಪಟ್ಟಿ ಕಟ್ಟಿದರೆ ಮರಕ್ಕೆ, ತಂತಿಗೆ ಸಿಕ್ಕಿಕೊಂಡು ಉರುಳಾಗಬಹುದು, ಬಣ್ಣ ಹಚ್ಚಿದರೆ ಅಳಿಯುತ್ತದೆ. ಪ್ರಪಂಚದ ಬಹಳಷ್ಟು ಕಡೆ ಈ ಕಿವಿ ಗುರುತೇ ಬಳಕೆಯಲ್ಲಿದೆ. ಆಪರೇಷನ್ ಆದ ಮೇಲೆ ಗಂಡನ್ನು ಸಾಮಾನ್ಯವಾಗಿ ಒಂದು ದಿನ, ಹೆಣ್ಣನ್ನು ಎರಡು ಮೂರು ದಿನ, ಅಥವಾ ವೈದ್ಯರು ಹೇಳಿದಷ್ಟು ದಿನ, ಬೆಚ್ಚಗೆ ಸದ್ದಿಲ್ಲದ ಜಾಗದಲ್ಲಿ ಇಟ್ಟು, ಹಿಡಿದ ಜಾಗದಲ್ಲೇ ಬಿಡಬೇಕು. ಬೇರೆ ಬೀದಿಯಲ್ಲಿ ಅಲ್ಲ, ಪಕ್ಕದ ಪಾರ್ಕಿನಲ್ಲಿ ಅಲ್ಲ, ಅದೇ ಜಾಗದಲ್ಲಿ. ಇದನ್ನು ಕೇಳಿದಾಗ ಕೆಲವರಿಗೆ ಸಿಟ್ಟು ಬರುತ್ತದೆ, ಹಿಡಿದದ್ದನ್ನು ವಾಪಸ್ ಯಾಕೆ ತಂದಿರಿ ಅಂತ. ಅದೇ ಬೆಕ್ಕು ಇನ್ನು ಮರಿ ಹಾಕುವುದಿಲ್ಲ, ಕೂಗುವುದಿಲ್ಲ, ಆದರೆ ತನ್ನ ಜಾಗವನ್ನು ಕಾಯ್ದುಕೊಂಡು ಹೊಸ ಬೆಕ್ಕಿಗೆ ಸುಲಭಕ್ಕೆ ಬಿಡುವುದೂ ಇಲ್ಲ. ಹೊಸದೊಂದು ಬಂದೇ ಬಂದರೆ ಊಟ ಹಾಕುವವರಿಗೆ ಆ ವಾರದಲ್ಲೇ ಗೊತ್ತಾಗಬೇಕು, ಅದಕ್ಕೂ ಬೇಗ ಆಪರೇಷನ್ ಆಗಬೇಕು.

ಮರಿಗಳ ವಿಷಯದಲ್ಲಿ ಆತುರ ಬೇಡ. ಎಲ್ಲೋ ಮರಿಗಳು ಕೂಗುವುದು ಕೇಳಿದರೆ ತಾಯಿ ಬಿಟ್ಟು ಹೋಗಿದೆ ಅಂತ ಎತ್ತಿಕೊಂಡು ಬರುತ್ತಾರೆ. ತಾಯಿ ಊಟ ಹುಡುಕಲು ಹೋಗಿರುತ್ತದೆ, ಕೆಲವು ಗಂಟೆ ದೂರ ನಿಂತು ಕಾದರೆ ಬರುತ್ತದೆ. ಹುಟ್ಟಿದ ಮರಿಗೆ ತನ್ನ ಮೈ ಬಿಸಿ ತಾನೇ ಕಾಯ್ದುಕೊಳ್ಳಲು ಬರುವುದಿಲ್ಲ, ಕಣ್ಣು ಬಿಡಲು ಒಂದರಿಂದ ಎರಡು ವಾರ ಬೇಕು, ತಾಯಿಯಷ್ಟು ಚೆನ್ನಾಗಿ ಯಾರೂ ಬೆಳೆಸಲಾರರು. ಆದರೆ ಎರಡರಿಂದ ಏಳು ವಾರದ ನಡುವೆ ಮನುಷ್ಯರ ಕೈ, ದನಿ ಅಭ್ಯಾಸ ಆದರೆ ಆ ಮರಿ ಮನೆಗೆ ಹೊಂದಿಕೊಳ್ಳುತ್ತದೆ. ಆ ಸಮಯ ದಾಟಿದ ಮೇಲೆ ಪಳಗಿಸುವುದು ತುಂಬ ಕಷ್ಟ. ಆದ್ದರಿಂದ ತಾಯಿ ಹತ್ತಿರ ಇರುವಾಗಲೇ ದಿನಾ ಸ್ವಲ್ಪ ಹೊತ್ತು ಮುಟ್ಟಿ ಮಾತಾಡಿಸುತ್ತಾ, ಹಾಲು ಬಿಟ್ಟ ಮೇಲೆ ಮನೆ ಹುಡುಕಿ ಕೊಡುವುದು ಒಳ್ಳೆಯದು. ಕೊಡುವಾಗ ಆಪರೇಷನ್ ಮಾಡಿಸುವ ಮಾತು ತೆಗೆದುಕೊಳ್ಳಿ. ಮರಿ ಬಿಡಿಸಿದ ಮೇಲೆ ತಾಯಿಗೆ ಕೂಡಲೇ ಮಾಡಿಸಿ.

ಊಟ ಹಾಕುವವರಿಗೆ ನೇರವಾಗಿ ಒಂದು ಮಾತು ಹೇಳಬೇಕು. ನಿಮ್ಮ ಕರುಣೆ ದೊಡ್ಡದು, ನನಗೆ ಅದರ ಬಗ್ಗೆ ಗೌರವ ಇದೆ. ಆದರೆ ಆಪರೇಷನ್ ಮಾಡಿಸದೆ ಬರೀ ಊಟ ಹಾಕಿದರೆ ಚೆನ್ನಾಗಿ ಉಂಡ ಹೆಣ್ಣು ಬೆಕ್ಕು ಇನ್ನಷ್ಟು ಮರಿ ಹಾಕುತ್ತದೆ, ಆ ಮರಿಗಳು ಗಾಡಿ ಕೆಳಗೆ ಸಾಯುವುದನ್ನು ನೋಡಿ ಅಳುವವರೂ ನೀವೇ. ಬೇರೆಯವರ ಮನೆ ಗೇಟಿನ ಎದುರು ಊಟ ಹಾಕಬೇಡಿ. ಒಂದೇ ಹೊತ್ತು ಇಟ್ಟುಕೊಳ್ಳಿ, ಹಗಲಿನಲ್ಲಿ ಹಾಕಿ, ಅರ್ಧ ಗಂಟೆಯಲ್ಲಿ ಪಾತ್ರೆ ತೆಗೆದು ಜಾಗ ತೊಳೆಯಿರಿ, ನೀರು ಮಾತ್ರ ಇರಲಿ. ರಾತ್ರಿ ಉಳಿದ ಊಟಕ್ಕೆ ಇಲಿ, ಹೆಗ್ಗಣ, ನಾಯಿ ಎಲ್ಲ ಬರುತ್ತವೆ. ಹಸುವಿನ ಹಾಲು ಹಾಕುವುದನ್ನು ನಿಲ್ಲಿಸಿ. ದೊಡ್ಡ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲಿನ ಸಕ್ಕರೆ ಅರಗುವುದಿಲ್ಲ, ಹೊಟ್ಟೆ ಕೆಟ್ಟು ಭೇದಿ ಆಗುತ್ತದೆ, ಆ ಭೇದಿ ಪಕ್ಕದ ಮನೆಯ ಹೂಕುಂಡದಲ್ಲಿ ಆಗುತ್ತದೆ. ಒಂದು ಮೂಲೆಯಲ್ಲಿ ಒಣ ಮರಳಿನ ತೊಟ್ಟಿ ಇಟ್ಟು ದಿನಾ ಬಾಚಿದರೆ ಬೆಕ್ಕುಗಳು ಅದನ್ನೇ ಇಷ್ಟಪಡುತ್ತವೆ, ಅರ್ಧ ಬೀದಿಯ ದೂರು ಅಲ್ಲಿಗೇ ತಗ್ಗುತ್ತದೆ.

ಬೆಕ್ಕು ಬೇಡ ಅನ್ನುವವರಿಗೂ ತಮ್ಮ ಅಂಗಳ ಕಾಯ್ದುಕೊಳ್ಳಲು ದಾರಿ ಇದೆ. ಬೆಕ್ಕಿಗೆ ಬೇಕಾದದ್ದು ಮೆತ್ತಗಿನ, ಒಣಗಿದ, ಕೆದಕಲು ಬರುವ ಮಣ್ಣು. ಮಡಿಯ ಮೇಲೆ ಕೋಳಿಗೂಡಿಗೆ ಹಾಕುವ ತಂತಿ ಬಲೆಯನ್ನು ಹಾಸಿ ತೆಳ್ಳಗೆ ಮಣ್ಣು ಹಾಕಿದರೆ ಗಿಡ ತೂತಿನಿಂದ ಮೇಲೆ ಬರುತ್ತದೆ, ಬೆಕ್ಕಿಗೆ ಕೆದಕಲು ಆಗುವುದಿಲ್ಲ. ಒರಟು ಕಲ್ಲು ಹಾಸಿದರೂ ಆದೀತು. ಮಣ್ಣು ಒದ್ದೆ ಇದ್ದರೂ ಬರುವುದು ಕಮ್ಮಿ. ಹತ್ತಿರ ಬಂದಾಗ ತಾನಾಗಿ ನೀರು ಚಿಮ್ಮುವ ಸ್ಪ್ರಿಂಕ್ಲರ್ ಸಿಗುತ್ತದೆ, ಅದು ಚೆನ್ನಾಗಿ ಕೆಲಸ ಮಾಡುತ್ತದೆ, ನೋವೂ ಇಲ್ಲ. ಮನುಷ್ಯರಿಗೆ ಕೇಳದ ಸದ್ದು ಮಾಡುವ ಯಂತ್ರಗಳಿಂದ ಬೆಕ್ಕು ಬರುವುದು ಸ್ವಲ್ಪ ಕಮ್ಮಿ ಆಗುತ್ತದೆಯೇ ಹೊರತು ನಿಲ್ಲುವುದಿಲ್ಲ. ಬಾಟಲಿಯಲ್ಲಿ ಬಣ್ಣದ ನೀರು ತುಂಬಿ ಗೇಟಿಗೆ ಇಡುವುದರಿಂದ ಏನೂ ಆಗದು. ಕಿತ್ತಳೆ, ನಿಂಬೆ ಸಿಪ್ಪೆಯ ವಾಸನೆ ಒಂದೆರಡು ದಿನ ತಡೆಯುತ್ತದೆ, ಒಣಗಿದ ಮೇಲೆ ಮತ್ತೆ ಹಾಕಬೇಕು. ಸಜ್ಜ, ತಾರಸಿ, ಕಟ್ಟಡದ ತಳ, ಹಳೆಯ ಸಾಮಾನಿನ ಕೋಣೆ, ಇವುಗಳ ಕಂಡಿಗಳನ್ನು ಮುಚ್ಚಿ, ಆದರೆ ಮುಚ್ಚುವ ಮುಂಚೆ ಒಳಗೆ ಮರಿ ಇಲ್ಲ ಅಂತ ಟಾರ್ಚ್ ಹಾಕಿ ನೋಡಿ. ಕಸದ ಡಬ್ಬಕ್ಕೆ ಗಟ್ಟಿ ಮುಚ್ಚಳ ಇರಲಿ.

ಉಚ್ಚೆ ವಾಸನೆ ತೊಳೆಯುವಾಗ ಅಮೋನಿಯಾ ಇರುವ ಕ್ಲೀನರ್ ಬಳಸಬೇಡಿ, ಉಚ್ಚೆಯ ವಾಸನೆಯೂ ಅದರ ಜಾತಿಯದೇ, ಬೆಕ್ಕು ಮತ್ತೆ ಅಲ್ಲೇ ಮಾಡುತ್ತದೆ. ಬ್ಲೀಚಿಂಗ್ ದ್ರಾವಣವನ್ನು ಉಚ್ಚೆಯ ಮೇಲೆ ನೇರ ಸುರಿಯಬೇಡಿ, ಎರಡೂ ಸೇರಿದರೆ ಉಸಿರಿಗೆ ಕೆಟ್ಟದಾದ ಗಾಳಿ ಹುಟ್ಟುತ್ತದೆ. ಸಾಕುಪ್ರಾಣಿಗಳ ಗಲೀಜಿಗೆ ಅಂತಲೇ ಕಿಣ್ವ ಇರುವ ಕ್ಲೀನರ್ ಸಿಗುತ್ತದೆ, ಅದನ್ನು ಹಾಕಿ ಸ್ವಲ್ಪ ಹೊತ್ತು ಬಿಟ್ಟು ಒರೆಸಿ.

ಕೈ ಮುಗಿದು ಕೇಳುತ್ತೇನೆ, ವಿಷ ಮಾತ್ರ ಹಾಕಬೇಡಿ. ವಿಷ ಯಾರ ಬಾಯಿಗೆ ಹೋಗುತ್ತದೆ ಅಂತ ಹಾಕಿದವರಿಗೂ ಗೊತ್ತಿರುವುದಿಲ್ಲ, ನಾಯಿ ತಿನ್ನಬಹುದು, ಕಾಗೆ ತಿನ್ನಬಹುದು, ತೆವಳುವ ಮಗು ಎತ್ತಿ ಬಾಯಿಗೆ ಹಾಕಿಕೊಳ್ಳಬಹುದು. ಬೆಕ್ಕು ಗಂಟೆಗಟ್ಟಲೆ ಒದ್ದಾಡಿ ಸಾಯುತ್ತದೆ. ಗೊತ್ತಿಲ್ಲದೆಯೂ ವಿಷ ಹಾಕುವವರಿದ್ದಾರೆ. ನುಸಿಗುಳಿಗೆ ಬೆಕ್ಕಿಗೆ ವಿಷ. ಪ್ಯಾರಾಸಿಟಮಾಲ್ ಒಂದು ಮಾತ್ರೆ ಸಾಕು ಬೆಕ್ಕು ಸಾಯಲು, ಅದನ್ನು ಅರಗಿಸುವ ಶಕ್ತಿ ಅದರ ಯಕೃತ್ತಿಗೆ ಇಲ್ಲ, ಜ್ವರ ಬಂದಿದೆ ಅಂತ ಪ್ರೀತಿಯಿಂದ ಕೊಟ್ಟು ಕಳೆದುಕೊಂಡವರಿದ್ದಾರೆ. ನಾಯಿಗೆ ಚಿಗಟ ಹೋಗಲು ಹಚ್ಚುವ ಪರ್ಮೆಥ್ರಿನ್ ಔಷಧಿ ಬೆಕ್ಕಿಗೆ ಹಚ್ಚಿದರೆ ನಡುಕ ಬಂದು ಪ್ರಾಣ ಹೋಗಬಹುದು. ಕಾಫಿ ಪುಡಿಯ ಚರಟ ಚೆಲ್ಲಿ ಅಂತ ಸಲಹೆ ಕೊಡುತ್ತಾರೆ, ಅದರಲ್ಲಿರುವ ಕೆಫೀನೂ ಅದಕ್ಕೆ ವಿಷವೇ.

ರೋಗದ ಭಯ ಇರುವವರಿಗೆ ಎರಡು ಮಾತು. ಬೆಕ್ಕು ಕಚ್ಚಿದರೆ ಅಥವಾ ರಕ್ತ ಬರುವಂತೆ ಪರಚಿದರೆ ಹರಿಯುವ ನೀರು, ಸೋಪಿನಿಂದ 15 ನಿಮಿಷ ತೊಳೆದು ಅದೇ ದಿನ ವೈದ್ಯರ ಹತ್ತಿರ ಹೋಗಿ. ರೇಬಿಸ್ ನಾಯಿಯಿಂದ ಮಾತ್ರ ಅಲ್ಲ, ಬೆಕ್ಕಿನಿಂದಲೂ ಬರುತ್ತದೆ, ಲಕ್ಷಣ ಕಾಣಿಸಿದ ಮೇಲೆ ಉಳಿಯುವುದು ಇಲ್ಲ ಅನ್ನುವಷ್ಟು ಅಪರೂಪ. ಎರಡನೆಯದು ಟಾಕ್ಸೊಪ್ಲಾಸ್ಮಾ, ಬೆಕ್ಕಿನ ಮಲದಿಂದ ಹರಡಬಲ್ಲ, ಕಣ್ಣಿಗೆ ಕಾಣದ ಒಂದು ಪರಾವಲಂಬಿ ಜೀವಿ. ಬಸುರಿಯರಿಗೆ ಇದರ ಬಗ್ಗೆ ತುಂಬ ಹೆದರಿಸುತ್ತಾರೆ, ಮನೆಯ ಬೆಕ್ಕನ್ನೇ ಹೊರಗೆ ಹಾಕಿಸುತ್ತಾರೆ. ಬೆಕ್ಕು ಸಾಮಾನ್ಯವಾಗಿ ಮೊದಲ ಸಲ ಸೋಂಕು ತಗುಲಿದಾಗ ಒಂದರಿಂದ ಮೂರು ವಾರ ಮಾತ್ರ ಮಲದಲ್ಲಿ ಇದರ ಮೊಟ್ಟೆಗಳನ್ನು ಹೊರಹಾಕುತ್ತದೆ, ಅವು ಸೋಂಕು ಹರಡುವ ಸ್ಥಿತಿಗೆ ಬರಲು ಇನ್ನೂ ಒಂದರಿಂದ ಐದು ದಿನ ಬೇಕು. ಮಲವನ್ನು ದಿನಾ ತೆಗೆದು ಹಾಕಿದರೆ ಅಪಾಯ ತುಂಬ ಕಮ್ಮಿ. ಬಸುರಿಯರು ಆ ಕೆಲಸವನ್ನು ಬೇರೆಯವರಿಗೆ ಬಿಡಲಿ, ತೋಟದ ಮಣ್ಣು ಮುಟ್ಟುವಾಗ ಎಲ್ಲರೂ ಕೈಗವಸು ಹಾಕಲಿ, ಮಕ್ಕಳು ಆಡುವ ಮರಳನ್ನು ಆಟ ಮುಗಿದ ಮೇಲೆ ಮುಚ್ಚಿಡಲಿ. ಸರಿಯಾಗಿ ಬೇಯದ ಮಾಂಸದಿಂದಲೂ ಇದೇ ಸೋಂಕು ಬರುತ್ತದೆ, ಬೆಕ್ಕೊಂದನ್ನೇ ದೂರುವುದು ತಪ್ಪು.

ಹಕ್ಕಿಗಳ ಪರ ಮಾತಾಡುವವರ ಸಂಕಟವನ್ನೂ ನಾನು ಒಪ್ಪುತ್ತೇನೆ. ಅಮೆರಿಕದಲ್ಲಿ ಹೊರಗೆ ಓಡಾಡುವ ಬೆಕ್ಕುಗಳು ವರ್ಷಕ್ಕೆ 130ರಿಂದ 400 ಕೋಟಿ ಹಕ್ಕಿಗಳನ್ನು ಕೊಲ್ಲುತ್ತವೆ ಅಂತ 2013ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ, ಅದರಲ್ಲಿ ಬಹುಪಾಲು ಯಾರೂ ಸಾಕದ ಬೆಕ್ಕುಗಳದು. ಆಪರೇಷನ್ ಆದ ಬೆಕ್ಕೂ ಬೇಟೆ ಆಡುತ್ತದೆ, ಇದನ್ನು ಮರೆಮಾಚಿ ಪ್ರಯೋಜನ ಇಲ್ಲ. ಅಪರೂಪದ ಹಕ್ಕಿಗಳು ಗೂಡು ಕಟ್ಟುವ ಕೆರೆ ದಂಡೆ, ಕಾಡಿನ ಅಂಚಿನಲ್ಲಿ ಬೆಕ್ಕಿಗೆ ಊಟ ಹಾಕುವ ಜಾಗ ಮಾಡಲೇಬಾರದು. ಅಲ್ಲಿ ಹಿಡಿದವಕ್ಕೆ ಒಳಾಂಗಣದ ಆಸರೆ ಹುಡುಕಬೇಕು. ಮನೆಗಳ ನಡುವಿನ ಬೀದಿಯಲ್ಲಿ ಮಾತ್ರ, ಹುಟ್ಟುವುದನ್ನು ನಿಲ್ಲಿಸಿ ವರ್ಷದಿಂದ ವರ್ಷಕ್ಕೆ ಸಂಖ್ಯೆ ಇಳಿಸುವುದೇ ಹಕ್ಕಿಗೂ ಒಳ್ಳೆಯದು.

ಬೆಕ್ಕು ಸಾಕುವವರು ರಾತ್ರಿ ಅದನ್ನು ಮನೆ ಒಳಗೆ ಇಟ್ಟುಕೊಳ್ಳಿ. ನಾಲ್ಕು ತಿಂಗಳು ಆಗುವ ಹೊತ್ತಿಗೆ ಆಪರೇಷನ್ ಬಗ್ಗೆ ವೈದ್ಯರನ್ನು ಕೇಳಿ, ಒಂದು ಸೂಲು ಆಗಲಿ ಆಮೇಲೆ ಮಾಡಿಸೋಣ ಅನ್ನಬೇಡಿ, ಅದರಿಂದ ಆರೋಗ್ಯಕ್ಕೆ ಯಾವ ಲಾಭವೂ ಇಲ್ಲ. ಪಕ್ಕದ ಮನೆಯ ಬೆಕ್ಕು ತೊಂದರೆ ಕೊಡುತ್ತಿದ್ದರೆ ದೂರು ಬರೆಯುವ ಮುಂಚೆ ಒಮ್ಮೆ ಹೋಗಿ ಮೆತ್ತಗೆ ಮಾತಾಡಿ. ಎಷ್ಟೋ ಜನರಿಗೆ ತಮ್ಮ ಬೆಕ್ಕು ಹೊರಗೆ ಏನು ಮಾಡುತ್ತದೆ ಅಂತಲೇ ಗೊತ್ತಿರುವುದಿಲ್ಲ.

ಕೊನೆಗೆ ದುಡ್ಡಿನ ಮಾತು. ಇದು ಊಟ ಹಾಕುವ ಒಬ್ಬರ ಖರ್ಚು ಅಲ್ಲ. ರಾತ್ರಿ ನಿದ್ದೆ ಬೇಕು ಅನ್ನುವವರೂ ಪಾಲು ಹಾಕಬೇಕು, ಯಾಕೆಂದರೆ ನಿದ್ದೆ ಬರುವುದು ಇದರಿಂದಲೇ. ಸ್ಥಳೀಯ ಆಡಳಿತದವರು ನಾಯಿಗಳಿಗೆ ಮಾಡುವ ಹಾಗೆ ಬೆಕ್ಕುಗಳಿಗೂ ಆಪರೇಷನ್ ಶಿಬಿರ ನಡೆಸಬೇಕು, ಬೀದಿಯವರು ಕೇಳಿದಾಗ ಕೆಲವು ದಿನಕ್ಕೆ ಬೋನು ಎರವಲು ಕೊಡಬೇಕು, ದೂರು ಬಂದಾಗ ಗಾಡಿ ಕಳಿಸಿ ಬೆಕ್ಕು ಎತ್ತಿಸುವ ಬದಲು ಆ ಬೀದಿಯ ಎಲ್ಲ ಬೆಕ್ಕುಗಳ ಪಟ್ಟಿ ಮಾಡಿಸಿ ಒಂದೇ ವಾರದಲ್ಲಿ ಮುಗಿಸಬೇಕು. ನಿಮ್ಮ ಪತ್ರಿಕೆಯಲ್ಲಿ ಒಂದು ಸಹಾಯ ಕೇಳುತ್ತೇನೆ. ಇಂಥ ಶಿಬಿರಗಳ ದಿನಾಂಕ, ಕಡಿಮೆ ಖರ್ಚಿನಲ್ಲಿ ಆಪರೇಷನ್ ಮಾಡುವ ಪಶು ಆಸ್ಪತ್ರೆಗಳ ವಿವರ, ಬೋನು ಎಲ್ಲಿ ಸಿಗುತ್ತದೆ ಅನ್ನುವುದನ್ನು ತಿಂಗಳಿಗೊಮ್ಮೆ ಒಂದು ಮೂಲೆಯಲ್ಲಿ ಹಾಕಿ. ಮರಿ ಬೇಕಾದವರು, ಮರಿ ಕೊಡುವವರು ಸಂಪರ್ಕಿಸಲು ನಾಲ್ಕು ಸಾಲಿನ ಜಾಗ ಅದರ ಪಕ್ಕದಲ್ಲೇ ಇದ್ದರೆ ಇನ್ನೂ ಒಳ್ಳೆಯದು. ಬೇಗ ಶುರು ಮಾಡಿ, ಗಬ್ಬ ಆದ ಬೆಕ್ಕಿಗೆ ಕಾಯಲು ಎರಡೇ ತಿಂಗಳು ಇರುವುದು.

ಇಂತಿ,
ನಿಮ್ಮ ಓದುಗ